ಕರಾಟೆಯ ಮೇಷ್ಟರು ಫುನಾಕೋಶಿ ಗಿಚಿನ್

ಇಬ್ಬರು ಹುಡುಗರು ಹೊಡೆದಾಡಿಕೊಂಡು ಹೆಡ್‌ಮಾಸ್ಟರ ಕೊಠಡಿಯ ಮುಂದೆ ಬಂದು ನಿಂತರೆ ಅವರ ಮೇಲೆ ಬೀಳುವ ಮೊದಲನೆಯ ಪ್ರಶ್ನೆ ಯಾವುದೆಂಬುದು ನಮಗೆಲ್ಲ ತಿಳಿದೇ ಇದೆ. ಮೊದಲು ಕೈಮಾಡಿದವನು ಯಾರು ಎಂಬುದೇ ಆ ಪ್ರಶ್ನೆ. ಯಾರಿಗೆ ಎಷ್ಟು ಏಟು ಬಿತ್ತು, ಯಾರ ಅಂಗಿ ಹರಿಯಿತು ಎಂಬ ವಿಚಾರಣೆಯೆಲ್ಲ ಆಮೇಲಿನದು. ನಮ್ಮ ಭಾಷೆಯಲ್ಲಿ ಕೈಮಾಡುವುದೆಂದರೆ ಹೊಡೆಯುವುದು. ವಿಚಿತ್ರವೆಂದರೆ ಜಪಾನೀ ಭಾಷೆಯಲ್ಲಿಯೂ ಹೆಚ್ಚುಕಡಮೆ ಇಂಥದೇ ಒಂದು ಮಾತುಂಟು. ಸೆಂತೆ ಎಂಬುದು ಆ ಮಾತು. ಸೆನ್ ಎಂದರೆ ಮುಂಚೆ, ತೆ ಎಂದರೆ ಕೈ. ಗೋ, ಶೋಗಿ ಮೊದಲಾದ ಅವರ ಮಣೆಯಾಟಗಳಲ್ಲಿ ಮೊದಲ ನಡೆ ಯಾರದೋ ಸೆಂತೆ ಅವರದು. ಆಟದಲ್ಲಿ ಅದೊಂದು ಲಾಭ. ಕರಾಟೆಯಲ್ಲಿ ಮಾತ್ರ ಅಂಥ ಮೊದಲ ಕೈಗೆ ಸ್ಥಾನವಿಲ್ಲವೆಂದು ಜೀವಮಾನವೆಲ್ಲ ಬೋಧಿಸಿದ ಮಹನೀಯರೊಬ್ಬರಿದ್ದರು. ಅವರು ಪೈಲ್ವಾನರಲ್ಲ, ಸೇನಾನಿಗಳಲ್ಲ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ ಮೇಷ್ಟರು. ಅವರ ಹೆಸರು ಫುನಾಕೋಶಿ ಗಿಚಿನ್. ಜಪಾನಿನ ವಾಡಿಕೆಯಂತೆ ಮನೆತನದ ಹೆಸರನ್ನು ಮೊದಲಿಟ್ಟು ಬರೆದಿದ್ದೇನೆ.

ಕರಾಟೆ ಎಂದರೆ ಹೆಂಚು ಒಡೆಯುವುದು, ಹಲಗೆ ಮುರಿಯುವುದು ಎಂದು ತಿಳಿದಿರುವ ನನ್ನ ಸಹಪಾಠಿಗಳಿಗೆ ಈ ಮುದುಕರ ಕಥೆಯನ್ನು ಹೇಳಬೇಕೆಂಬುದು ನನ್ನ ಬಹುದಿನದ ಆಸೆ. ಅವರ ಬೋಧನೆ ಎಷ್ಟು ಸುಲಭವಾಗಿ ಕಾಣುತ್ತದೆಯೋ ಅದರಂತೆ ನಡೆಯುವುದು ಅಷ್ಟೇ ಕಷ್ಟ. ಅವರಿಗೂ ಅದು ಕಷ್ಟವೇ ಆಯಿತು. ನನಗೆ ಅವರ ಮೇಲೆ ಗೌರವ ಹುಟ್ಟಲು ಅದೂ ಒಂದು ಕಾರಣ.

ಫುನಾಕೋಶಿಯವರು ೧೮೬೮ರ ನವೆಂಬರ್ ೧೦ರಂದು ಓಕಿನಾವಾ ದ್ವೀಪದ ಶುರಿ ಪಟ್ಟಣದಲ್ಲಿ ಜನಿಸಿದರು. ಜಪಾನಿನಲ್ಲಿ ಮೇಯಿಜಿ ಚಕ್ರವರ್ತಿಯ ಹೊಸ ಆಳ್ವಿಕೆ ಆರಂಭವಾದುದೂ ಅದೇ ವರ್ಷ. ಓಕಿನಾವಾ ಆಗ ಜಪಾನಿನ ಜಿಲ್ಲೆಯಾಗಿರಲಿಲ್ಲ. ರ್ಯೂಕ್ಯೂ ಎಂಬ ಸಣ್ಣ ರಾಜ್ಯವಾಗಿತ್ತು. ೧೬೦೯ರಲ್ಲಿ ಜಪಾನಿನ ಸತ್ಸುಮಾ ಪಾಳೆಯಗಾರರು ಅದನ್ನು ಗೆದ್ದು ಕಪ್ಪ ವಸೂಲು ಮಾಡುತ್ತಿದ್ದರು. ಇತ್ತ ಚೀನಾ ಚಕ್ರವರ್ತಿಗೂ ಅದು ಕಾಣಿಕೆ ಕಳುಹಿಸಬೇಕಾಗಿತ್ತು. ಇಬ್ಬರು ದೊಡ್ಡವರ ನಡುವೆ ತಲೆ ತಗ್ಗಿಸಿ ಬಾಳಿದ ನಾಡು ಅದು. ಆಯುಧ ಹಿಡಿಯಲು ಅಡ್ಡಿಯಿದ್ದ ಆ ನಾಡಿನಲ್ಲಿ ಬರಿಗೈಯ ವಿದ್ಯೆ ಬೆಳೆಯಿತೆಂದು ವಾಡಿಕೆಯಾಗಿ ಹೇಳುತ್ತಾರೆ. ಚೀನಾದಿಂದ ಬಂದ ವರಸೆಗಳೂ ಅದರಲ್ಲಿ ಬೆರೆತಿದ್ದುವು. ೧೮೭೯ರಲ್ಲಿ ರ್ಯೂಕ್ಯೂ ರಾಜ್ಯ ಅಳಿದು ಓಕಿನಾವಾ ಜಿಲ್ಲೆಯಾಯಿತು. ಹುಡುಗ ಗಿಚಿನ್‌ಗೆ ಆಗ ಹತ್ತು ವರ್ಷ.

ಅವರು ದಿನ ತುಂಬದೆ ಹುಟ್ಟಿದ ಮಗು. ಬಹಳ ದಿನ ಬಾಳುವುದಿಲ್ಲವೆಂದೇ ಎಲ್ಲರೂ ಎಣಿಸಿದ್ದರು. ತಾಯಿಯ ತಂದೆತಾಯಿಗಳು ಕರೆದುಕೊಂಡು ಹೋಗಿ ಸಾಕಿದರು; ಅಜ್ಜನೇ ಚೀನೀ ಪ್ರಾಚೀನ ಗ್ರಂಥಗಳನ್ನು ಓದಿಸಿದರು. ಪ್ರಾಥಮಿಕ ಶಾಲೆಯಲ್ಲಿ ಅವರ ಜೊತೆಗಾರನಾಗಿದ್ದ ಹುಡುಗನೊಬ್ಬನ ತಂದೆ ಅಸಾತೊ ಅಂಕೊ, ಓಕಿನಾವಾದಲ್ಲಿ ಹೆಸರಾಂತ ಕರಾಟೆಪಟು. ಗೆಳೆಯನ ಮನೆಗೆ ಆಡಲು ಹೋದ ಬಡಕಲು ಹುಡುಗ ಅಲ್ಲಿಯೇ ಶಿಷ್ಯನಾದ. ಮೈ ಗಟ್ಟಿಯಾಗಲೆಂದು ಹಿಡಿದ ವಿದ್ಯೆ ಜೀವನದ ಉಸಿರಾಗುತ್ತದೆಂದು ಆಗ ಯಾರು ತಾನೆ ಎಣಿಸಿದ್ದರು!

ಆತ ವೈದ್ಯನಾಗಬೇಕೆಂದಿದ್ದ. ಟೋಕಿಯೋದ ವೈದ್ಯಶಾಲೆಯ ಪ್ರವೇಶ ಪರೀಕ್ಷೆಗೆ ೧೮೭೦ರಲ್ಲಿ ಅಥವಾ ಅನಂತರ ಹುಟ್ಟಿದವರು ಮಾತ್ರ ಕೂಡಬಹುದಾಗಿದ್ದುದರಿಂದ ದಾಖಲೆಯಲ್ಲಿ ಹುಟ್ಟಿದ ವರ್ಷವನ್ನೇ ತಿದ್ದಿಸಿ ಪರೀಕ್ಷೆಗೆ ಕುಳಿತು ತೇರ್ಗಡೆಯಾದ. ಆದರೆ ಸೇರಲಾಗಲಿಲ್ಲ. ಅಡ್ಡ ಬಂದುದು ತಲೆಯ ಮೇಲಿನ ಜುಟ್ಟು! ಹೊಸ ಸರಕಾರ ಜುಟ್ಟನ್ನು ತೆಗೆಸಬೇಕೆಂದಿತ್ತು; ಶುರಿಯ ಹಳೆಯ ಮನೆತನಗಳಿಗೆ ಜುಟ್ಟೆಂದರೆ ಮಾನ. ಫುನಾಕೋಶಿಯವರ ಮನೆಯವರು ಹಳೆಯ ಪಕ್ಷದವರು. ಜುಟ್ಟಿಗಾಗಿ ವೈದ್ಯವೃತ್ತಿ ಹೋಯಿತು. ಕೊನೆಗೆ ೧೮೮೮ರಲ್ಲಿ ಉಪಾಧ್ಯಾಯರ ಕೆಲಸಕ್ಕೆ ಸೇರುವಾಗ ಆ ಜುಟ್ಟನ್ನೂ ಕತ್ತರಿಸಲೇಬೇಕಾಯಿತು. ಹೊಸ ಸಮವಸ್ತ್ರ ಧರಿಸಿ ಬೋಳುತಲೆಯಲ್ಲಿ ಮನೆಗೆ ಬಂದ ಮಗನನ್ನು ಕಂಡು ತಂದೆ ಕೆಂಡವಾದರು. ತಾಯಿಯಂತೂ ಮುಖ ತಿರುಗಿಸಿ ಹಿತ್ತಲ ಬಾಗಿಲಿನಿಂದ ಹೊರಟು ತವರು ಸೇರಿದರು. ಜಾತಿ, ಕುಲ, ಶಿಖೆಗಳ ಜಗಳ ನಮಗೇನೂ ಹೊಸದಲ್ಲವಾದ್ದರಿಂದ ಇದನ್ನೋದಿದಾಗ ನನಗೆ ನಗು ಬಂದರೂ ಪರಕೀಯವೆನ್ನಿಸಲಿಲ್ಲ.

ಹಗಲು ಶಾಲೆ, ರಾತ್ರಿ ಅಸಾತೊ ಅವರ ಅಂಗಳ. ಕರಾಟೆಯನ್ನು ಆಗ ಗುಟ್ಟಾಗಿ ಕಲಿಯುವ ವಾಡಿಕೆಯಿತ್ತು. ಕೈಯಲ್ಲೊಂದು ಮಂದದೀಪ ಹಿಡಿದು ಕತ್ತಲಲ್ಲಿ ಹೋಗಿ ಬೆಳಗಿನ ಜಾವಕ್ಕೆ ಹಿಂತಿರುಗುತ್ತಿದ್ದ ಈ ತರುಣ ಮೇಷ್ಟರನ್ನು ಕಂಡು ನೆರೆಹೊರೆಯವರು, ಇವರು ಸೂಳೆಗೇರಿಯ ಹಾದಿ ಹಿಡಿದರೆಂದು ಪಿಸುಗುಟ್ಟಿದರಂತೆ. ಅಂಗಳದಲ್ಲಿ ನಡೆಯುತ್ತಿದ್ದುದಾದರೋ ಒಂದೇ ಪಾಠ. ಕರಾಟೆಯಲ್ಲಿ ಕಾತಾ ಎಂದು ಕರೆಯುವ ವರಸೆಗಳುಂಟು. ಕಣ್ಣಿಗೆ ಕಾಣದ ಎದುರಾಳಿಯೊಡನೆ ಕಟ್ಟುನಿಟ್ಟಾದ ಕ್ರಮದಲ್ಲಿ ತಡೆದು, ತಿರುಗಿ, ಹೊಡೆಯುವ ಸಾಧನೆ ಅದು. ಗುರುಗಳಿಗೆ ತೃಪ್ತಿಯಾಗುವವರೆಗೆ ಒಂದೇ ಕಾತಾವನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಮಾಡಬೇಕು. ಮುಂದಿನದನ್ನು ಕೇಳುವಂತಿಲ್ಲ. ಇಂದು ತೆಕ್ಕಿ ಎಂಬ ಹೆಸರಿನಿಂದ ನಡೆಯುವ ಮೂರು ಕಾತಾಗಳನ್ನು ಕಲಿಯಲು ಅವರಿಗೆ ಹತ್ತು ವರ್ಷ ಹಿಡಿಯಿತು. ಅಸಾತೊ ಅವರ ಸ್ನೇಹಿತರಾದ ಇತೊಸು ಅಂಕೊ ಎಂಬ ಇನ್ನೊಬ್ಬ ಮಹಾಗುರುಗಳೂ ಅವರಿಗೆ ಪಾಠ ಹೇಳಿದರು. ಮೂರು ತಿಂಗಳ ಶಿಬಿರದಲ್ಲಿ ಆತ್ಮರಕ್ಷಣೆ ಕಲಿಸುತ್ತೇವೆಂಬ ಗೋಡೆಬರಹಗಳನ್ನು ಬೀದಿಬೀದಿಯಲ್ಲಿ ನೋಡುವ ನಾವು ಇಲ್ಲಿ ಒಂದು ಗಳಿಗೆ ನಿಲ್ಲಬೇಕು.

ಸಂಬಳ ಆರಂಭದಲ್ಲಿ ತಿಂಗಳಿಗೆ ೩ ಯೆನ್. ಅದರಲ್ಲಿ ತುಂಬಿದ ಮನೆ ನಡೆಯಬೇಕು. ಅವರ ಪತ್ನಿ ಕಾಯಿಪಲ್ಲೆ ಬೆಳೆದರು, ರಾತ್ರಿ ನಿದ್ದೆಗೆಟ್ಟು ಬಟ್ಟೆ ನೇಯ್ದರು. ಆ ತಾಯಿ ಗಂಡನ ವಿದ್ಯೆಯನ್ನು ಹಳಿಯಲಿಲ್ಲ. ನೋಡಿ ನೋಡಿಯೇ ಕಲಿತುಬಿಟ್ಟರು. ದುಡಿದು ದಣಿದಾಗ ಮಲಗುವ ಬದಲು ಹೊರಗೆ ಬಂದು ಕಾತಾ ಮಾಡುತ್ತಿದ್ದರಂತೆ. ಕೇರಿಯಲ್ಲಿ ಕುಡುಕರು ಜಗಳವಾಡಿದರೆ ಬಿಡಿಸಲು ಅವರೇ ಬರಬೇಕು. ಫುನಾಕೋಶಿಯವರ ಚರಿತ್ರೆ ಬರೆಯುವವರು ಈಕೆಯನ್ನು ಒಂದೆರಡು ಸಾಲಿನಲ್ಲಿ ಮುಗಿಸುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಮನೆಯಲ್ಲಿ ಇಬ್ಬರು ಆಚಾರ್ಯರಿದ್ದರು.

ಮೊದಲ ಕೈ ಎತ್ತಬಾರದೆಂಬ ಪಾಠ ಪುಸ್ತಕದಿಂದ ಬಂದುದಲ್ಲ, ಈ ದಿನಗಳಲ್ಲಿ ಬಂದುದು. ಒಂದು ರಾತ್ರಿ ಪಿತೃಗಳ ಪೂಜೆಗೆಂದು ಸಿಹಿ ಕಡುಬುಗಳ ಗಂಟು ಹಿಡಿದು ಬರುತ್ತಿದ್ದಾಗ ನಿರ್ಜನವಾದ ಹಾದಿಯಲ್ಲಿ ಇಬ್ಬರು ಕಳ್ಳರು ಅಡ್ಡಗಟ್ಟಿದರು. ಹೊಡೆದು ಉರುಳಿಸುವ ಶಕ್ತಿ ಇವರಿಗಿತ್ತು. ಹೊಡೆಯಲಿಲ್ಲ. ಸಮಾಧಾನದ ಮಾತನಾಡಿ ಗಂಟನ್ನೇ ಅವರ ಕೈಗಿತ್ತು ಬಂದರು. ಮರುದಿನ ಈ ಸಂಗತಿ ಕೇಳಿದ ಗುರುಗಳು ಮೆಚ್ಚಿದರು. ಹಾಗಾದರೆ ಪಿತೃಗಳಿಗೆ ಏನನ್ನು ನಿವೇದಿಸಿದಿರೆಂದು ಕೇಳಿದರು. ಕಡುಬಿಲ್ಲದೆ ಮನಸಾರೆ ಪ್ರಾರ್ಥನೆಯನ್ನಷ್ಟೇ ಸಲ್ಲಿಸಿದೆನೆಂದು ಶಿಷ್ಯ ಹೇಳಿದಾಗ, ಕರಾಟೆಯ ಮರ್ಮ ಈಗ ತಿಳಿಯಿತೆಂದು ಗುರುಗಳು ಸಂತೋಷಪಟ್ಟರು.

ಇನ್ನೊಂದು ಸಂಜೆ ಚಿಕ್ಕ ಮಗನೊಡನೆ ದೀಪ ಹಿಡಿದು ಹೋಗುತ್ತಿದ್ದಾಗ ದಾರಿಯಲ್ಲಿ ಹಾಬು ಕಂಡಿತು. ಓಕಿನಾವಾದ ಈ ವಿಷಸರ್ಪ ನಮ್ಮ ಕೊಳಕುಮಂಡಲದ ಬಳಗದ್ದು. ಅದು ಸದ್ದಿಲ್ಲದೆ ಹೊಲದೊಳಕ್ಕೆ ಸರಿಯಿತು. ಹೆದರಿ ಓಡಿತೆಂದು ಯಾರಾದರೂ ತಿಳಿಯಬೇಕು. ಫುನಾಕೋಶಿಯವರು ದೀಪ ಹಿಡಿದು ನೋಡಿದರೆ ಅದು ಅಲ್ಲಿ ಸುರುಳಿ ಸುತ್ತಿ, ಮೇಲೆ ಬಂದವರನ್ನು ಕಚ್ಚಲು ಸಿದ್ಧವಾಗಿ ಕುಳಿತಿತ್ತು. ತಾನಾಗಿ ಏರಿ ಬರಲಿಲ್ಲ, ಮೈಮರೆಯಲೂ ಇಲ್ಲ. ಈ ಹಾವಿನ ಕಥೆ ನನಗೆ ಕಡುಬಿನ ಕಥೆಗಿಂತ ಹೆಚ್ಚು ಉಪಯುಕ್ತವೆನ್ನಿಸಿದೆ. ಸುಮ್ಮನಿರುವುದಕ್ಕೂ ಸಿದ್ಧವಾಗಿ ಸುಮ್ಮನಿರುವುದಕ್ಕೂ ಇರುವ ದೂರ ಅದರಲ್ಲಿದೆ.

ಈ ನಡುವೆ ಕರಾಟೆ ಗುಟ್ಟಿನಿಂದ ಹೊರಬಂದಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಇತೊಸು ಅವರ ಪ್ರಯತ್ನದಿಂದ ಅದು ಓಕಿನಾವಾದ ಶಾಲೆಗಳಲ್ಲಿ ಪಾಠವಾಯಿತು. ೧೯೦೮ರಲ್ಲಿ ಇತೊಸು ವಿದ್ಯಾ ಇಲಾಖೆಗೆ ಬರೆದ ಪತ್ರದಲ್ಲಿ, ಎಳವೆಯಿಂದ ಕರಾಟೆ ಕಲಿತ ಹುಡುಗರು ಮುಂದೆ ಒಳ್ಳೆಯ ಸೈನಿಕರಾಗುತ್ತಾರೆಂಬ ಮಾತೂ ಇತ್ತು. ಇದನ್ನು ಓದುಗರು ನೆನಪಿನಲ್ಲಿಡಬೇಕು. ೧೯೨೧ರ ಮಾರ್ಚಿಯಲ್ಲಿ ಯುವರಾಜ ಹಿರೋಹಿತೊ ಯೂರೋಪಿಗೆ ಹೋಗುವ ದಾರಿಯಲ್ಲಿ ಓಕಿನಾವಾದಲ್ಲಿ ಇಳಿದಾಗ ಶುರಿ ಕೋಟೆಯಲ್ಲಿ ನಡೆದ ಪ್ರದರ್ಶನದ ಹೊಣೆ ಫುನಾಕೋಶಿಯವರದಾಗಿತ್ತು. ಮರುವರ್ಷ ಟೋಕಿಯೋದಲ್ಲಿ ವಿದ್ಯಾ ಇಲಾಖೆಯವರು ನಡೆಸಿದ ವ್ಯಾಯಾಮ ಪ್ರದರ್ಶನಕ್ಕೂ ಅವರನ್ನೇ ಕಳುಹಿಸಿದರು. ಓಕಿನಾವಾದಲ್ಲಿ ಅವರಿಗಿಂತ ಬಲಶಾಲಿಗಳಿದ್ದರು. ಆದರೆ ಓದು ಬರಹ ಬಲ್ಲವರು, ನಾಲ್ಕು ಜನರ ಮುಂದೆ ನಿಂತು ತಿಳಿಯುವಂತೆ ಹೇಳಬಲ್ಲವರು ಬೇಕಾಗಿತ್ತು. ಅದಕ್ಕೆ ಮೇಷ್ಟರೇ ಸರಿ.

ಕೆಲವು ದಿನಗಳ ಮಟ್ಟಿಗೆ ಹೋದವರು ಹಿಂತಿರುಗಲಿಲ್ಲ. ಜೂಡೋ ವಿದ್ಯೆಯ ಪ್ರವರ್ತಕರಾದ ಕಾನೊ ಜಿಗೊರೊ ಅವರು ತಮ್ಮ ಕೋಡೋಕಾನ್ ಶಾಲೆಗೆ ಆಮಂತ್ರಿಸಿ ಪ್ರದರ್ಶನ ಮಾಡಿಸಿದರು. ಒಂದರ ಹಿಂದೊಂದು ಕರೆ ಬಂದಿತು. ಐವತ್ತಮೂರನೆಯ ವಯಸ್ಸಿನಲ್ಲಿ, ಸಂಸಾರವನ್ನು ಓಕಿನಾವಾದಲ್ಲಿ ಬಿಟ್ಟು ಅವರು ರಾಜಧಾನಿಯಲ್ಲಿ ಒಂಟಿಯಾಗಿ ನೆಲೆಸಿದರು. ಇದ್ದುದು ಓಕಿನಾವಾದ ವಿದ್ಯಾರ್ಥಿಗಳ ಮೇಸೇಜುಕು ಎಂಬ ವಸತಿಗೃಹದ ಬಾಗಿಲ ಬಳಿಯ ಒಂದು ಪುಟ್ಟ ಕೋಣೆ. ಹಗಲು ಹುಡುಗರು ಕಾಲೇಜಿಗೆ ಹೋದ ಮೇಲೆ ಕೊಠಡಿಗಳನ್ನು ಗುಡಿಸುವುದು, ತೋಟ ನೋಡಿಕೊಳ್ಳುವುದು, ಕಾವಲು ಕಾಯುವುದು. ಬಿಡುವಿನಲ್ಲಿ ಅಲ್ಲಿಯೇ ಕರಾಟೆ ಪಾಠ. ಅಡಿಗೆಯವನಿಗೂ ಕರಾಟೆ ಹೇಳಿಕೊಟ್ಟು ಊಟದ ಖರ್ಚಿನಲ್ಲಿ ರಿಯಾಯಿತಿ ಪಡೆದರೆಂದರೆ ಅವರ ಕಷ್ಟ ಎಷ್ಟಿತ್ತೆಂದು ಊಹಿಸಬಹುದು. ಇಷ್ಟರ ನಡುವೆಯೇ ೧೯೨೨ರಲ್ಲಿ ಮೊದಲ ಪುಸ್ತಕ ಬರೆದರು. ೧೯೨೩ರ ಸೆಪ್ಟೆಂಬರಿನ ಮಹಾಭೂಕಂಪದಲ್ಲಿ ಅದರ ಅಚ್ಚಿನ ಫಲಕಗಳು ನಾಶವಾದುವು. ೧೯೨೫ರಲ್ಲಿ ಮತ್ತೊಂದನ್ನು ಹೊರತಂದರು. ೧೯೨೪ರಲ್ಲಿ ಕೇಯಿಓ ವಿಶ್ವವಿದ್ಯಾನಿಲಯದಲ್ಲಿ ಕರಾಟೆ ಸಂಘ ಆರಂಭವಾಯಿತು. ಬೇರೆ ಕಾಲೇಜುಗಳೂ ಹಿಂಬಾಲಿಸಿದುವು. ನಾವಿಂದು ನೋಡುವ ಬಿಳಿಯ ಅಂಗಿ, ಕಪ್ಪು ಪಟ್ಟಿಗಳನ್ನು ಜೂಡೋದಿಂದ ಅವರು ತೆಗೆದುಕೊಂಡುದು ಆ ಕಾಲದಲ್ಲೇ.

ಹೆಸರಿನ ವಿಚಾರವನ್ನೂ ಹೇಳಬೇಕು. ಕರಾ ಎಂಬುದನ್ನು ಮೊದಲು ಚೀನಾ ಎಂಬ ಅರ್ಥದ ಅಕ್ಷರದಿಂದ ಬರೆಯುತ್ತಿದ್ದರು. ಚೀನೀ ಕೈ ಎಂದಾಗುತ್ತಿತ್ತು. ಫುನಾಕೋಶಿಯವರು ಅದೇ ಉಚ್ಚಾರಣೆಯ ಬರಿದು ಎಂಬ ಅರ್ಥದ ಅಕ್ಷರವನ್ನು ಹಿಡಿದು ಬರಿಗೈ ಎಂದು ಮಾಡಿದರು. ೧೯೩೫ರ ಅವರ ದೊಡ್ಡ ಗ್ರಂಥ ಈ ಹೊಸ ಹೆಸರನ್ನೇ ಹೊತ್ತಿತು. ಓಕಿನಾವಾದ ಹಿರಿಯರು ಗೊಣಗಿದರು. ಆಯುಧವಿಲ್ಲದ ಕೈ, ಕೆಟ್ಟ ಬಯಕೆಯಿಲ್ಲದ ಮನಸ್ಸು ಎಂದು ಅವರು ಅರ್ಥ ಹೇಳಿದರೂ, ಚೀನಾ ಎಂಬ ಮಾತು ಜಪಾನೀಯರ ಕಿವಿಗೆ ಹಿತವಾಗಿರದ ಕಾಲವದೆಂಬುದನ್ನು ಇತಿಹಾಸದ ವಿದ್ಯಾರ್ಥಿಯಾದ ನಾನು ಮರೆಯಲಾರೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಶಿಷ್ಯರಿಗಾಗಿ ಅವರು ಇಪ್ಪತ್ತು ಸೂತ್ರಗಳನ್ನು ರಚಿಸಿದರು. ನಮಸ್ಕಾರದಿಂದಲೇ ಆರಂಭ, ನಮಸ್ಕಾರದಿಂದಲೇ ಮುಕ್ತಾಯವೆಂಬುದು ಮೊದಲನೆಯದು. ಮೊದಲ ಕೈ ಇಲ್ಲವೆಂಬುದು ಎರಡನೆಯದು. ಈ ಎರಡನೆಯ ಸೂತ್ರಕ್ಕೆ ಆ ಕಾಲದಲ್ಲೇ ಎದುರಾಳಿಗಳಿದ್ದರು. ಅವರಲ್ಲಿ ಪ್ರಸಿದ್ಧರು ಮೊತೊಬು ಚೋಕಿ. ರಾಜಬಂಧುಗಳ ಮನೆತನದ ಮೂರನೆಯ ಮಗ. ನಾಹಾ ನಗರದ ಬೀದಿಗಳಲ್ಲಿ ಕಂಡಕಂಡವರೊಡನೆ ಸೆಣಸಿ ವಿದ್ಯೆಯನ್ನು ಒರೆಗೆ ಹಚ್ಚಿದ ಗಟ್ಟಿಗ. ಕ್ಯೋಟೋದಲ್ಲಿ ಒಬ್ಬ ವಿದೇಶೀ ಮುಷ್ಟಿಮಲ್ಲನನ್ನು ಆತ ಕೆಡಹಿದ ಕಥೆ ೧೯೨೫ರಲ್ಲಿ ಕಿಂಗು ಎಂಬ ಜನಪ್ರಿಯ ಮಾಸಪತ್ರಿಕೆಯಲ್ಲಿ ಬಂದಾಗ ಚಿತ್ರದಲ್ಲಿ ಮೊತೊಬು ಬದಲು ಫುನಾಕೋಶಿಯವರ ರೂಪವನ್ನು ಬರೆದುಬಿಟ್ಟಿದ್ದರು! ಮೊತೊಬುಗೆ ಹೇಗಾಗಿರಬೇಡ! ಅವರ ಮತದಲ್ಲಿ ಕರಾಟೆಯೆಂದರೆ ಮೊದಲ ಕೈಯೇ. ತಡೆಯುವ ಕೈಯೂ ಅದೇ ಕ್ಷಣ ಹೊಡೆಯುವ ಕೈಯಾಗಬೇಕು, ಉಪಕ್ರಮವನ್ನು ಎದುರಾಳಿಗೆ ಬಿಟ್ಟುಕೊಟ್ಟವನು ಕೆಟ್ಟ.

ಇಬ್ಬರಲ್ಲಿ ಯಾರು ಸರಿ? ಆತ್ಮರಕ್ಷಣೆ ಎಂಬುದು ಇಂದು ನಮ್ಮ ಸಹೋದರಿಯರಿಗೆ ದಿನದಿನದ ಪ್ರಶ್ನೆ. ಹೊಡೆತ ಬೀಳುವವರೆಗೆ ಕಾದು ನಿಲ್ಲಬೇಕೆಂದು ಅವರಿಗೆ ಯಾರಾದರೂ ಹೇಳಿದರೆ ಅದು ಧರ್ಮವಲ್ಲ, ದಡ್ಡತನ. ಆದರೆ ಫುನಾಕೋಶಿಯವರು ಹಾಗೆ ಹೇಳಿಯೇ ಇಲ್ಲ. ೧೯೩೫ರ ಗ್ರಂಥದಲ್ಲಿ ಅವರು ಕೊಟ್ಟಿರುವ ಸಲಹೆ ಸ್ಪಷ್ಟವಾಗಿದೆ. ಮೊದಲು ಅಪಾಯದ ಜಾಗದಿಂದ ದೂರವಿರಬೇಕು. ಸಿಕ್ಕಿಬಿದ್ದು ಓಡಲು ದಾರಿಯೇ ಇಲ್ಲವಾದರೆ ಹೊಡೆಯುವ ಸುಳಿವು ಕೊಡದೆ, ಎದುರಾಳಿ ಮೈಮರೆತ ಕ್ಷಣದಲ್ಲಿ ಸರ್ವಶಕ್ತಿಯಿಂದ ಮರ್ಮಸ್ಥಾನಕ್ಕೆ ಒಂದೇ ಏಟು ಕೊಟ್ಟು, ಅವನು ಬೆಚ್ಚಿದಾಗ ತಪ್ಪಿಸಿಕೊಂಡು ಜನರ ನೆರವು ಪಡೆಯಬೇಕು. ಲೆಕ್ಕಕ್ಕೆ ಆ ಏಟು ಮೊದಲನೆಯದೇ. ಆದರೆ ಜಗಳ ಆರಂಭವಾದುದು ಆ ಏಟಿನಿಂದಲ್ಲ. ಅವರ ಸಮಕಾಲೀನರಾದ ಮಬುನಿ ಕೆನ್ವಾ ಎಂಬ ಗುರುಗಳೂ ೧೯೩೮ರಲ್ಲಿ, ಎದುರಾಳಿಯ ಆಕ್ರಮಣ ಕಣ್ಣೆದುರಿಗೇ ಬಂದಾಗ ಮುಂದಾಗಿ ಹೊಡೆಯುವುದು ಈ ಸೂತ್ರಕ್ಕೆ ವಿರುದ್ಧವಲ್ಲವೆಂದು ವಿವರಿಸಿದರು. ನಮ್ಮ ಹಳೆಯ ದಂಡಸಂಹಿತೆಯ ೧೦೨ನೆಯ ಕಲಮು, ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೪೦ನೆಯ ಕಲಮು ಹೇಳುವುದೂ ಇದನ್ನೇ: ಶರೀರಕ್ಕೆ ಅಪಾಯವಾದೀತೆಂಬ ಸಕಾರಣವಾದ ಭಯ ಹುಟ್ಟಿದ ಕೂಡಲೇ ರಕ್ಷಣೆಯ ಹಕ್ಕು ಆರಂಭವಾಗುತ್ತದೆ, ಭಯವಿರುವಷ್ಟು ಕಾಲ ಮಾತ್ರ ಉಳಿಯುತ್ತದೆ. ಕೊನೆಯ ಅರ್ಧವನ್ನು ನಮ್ಮ ತರುಣರು ಮರೆಯುವುದೇ ಹೆಚ್ಚು.

ತಮ್ಮ ಸೂತ್ರಕ್ಕಾಗಿ ಅವರು ಬೆಲೆಯನ್ನೂ ತೆತ್ತರು. ಟೋಕಿಯೋ ಇಂಪೀರಿಯಲ್ ವಿಶ್ವವಿದ್ಯಾನಿಲಯದ ಅವರ ಶಿಷ್ಯರು ಕಾತಾ ಸಾಕಾಯಿತೆಂದು, ಮೈಗೆ ಕವಚ ಕಟ್ಟಿಕೊಂಡು ಒಬ್ಬರನ್ನೊಬ್ಬರು ಹೊಡೆಯುವ ಪಂದ್ಯಗಳನ್ನು ತೊಡಗಿಸಿದರು. ೧೯೨೯ರ ಹೊತ್ತಿಗೆ ಮೇಷ್ಟರು ಅಲ್ಲಿಗೆ ಹೋಗುವುದನ್ನೇ ನಿಲ್ಲಿಸಿದರು. ಈ ವಿಷಯದಲ್ಲಿ ನನಗೆ ಹುಡುಗರ ಮೇಲೂ ಕನಿಕರವಿದೆ; ಹತ್ತು ವರ್ಷ ಗಾಳಿಯನ್ನು ಗುದ್ದಿದವನಿಗೆ ಎದುರಿನ ಮನುಷ್ಯ ಹೇಗೆ ಗೊತ್ತಾಗಬೇಕು? ಪಂದ್ಯವಂತೂ ನಿಲ್ಲಲಿಲ್ಲ. ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಕರಾಟೆ ಸೇರಿತು. ಅಲ್ಲಿ ಮೊದಲ ಅಂಕ ಗಳಿಸಿದವನಿಗೆ ಸೆಂಶು ಎಂಬ ಅನುಕೂಲವನ್ನು ಕೊಟ್ಟರು. ಅಂಕಗಳು ಸಮವಾದರೆ ಗೆಲವು ಅವನದು. ಸೆಂತೆಯ ಸೆನ್ ಅಕ್ಷರವೇ ಸೆಂಶುವಿನಲ್ಲಿಯೂ ಇದೆ! ಅದೇ ಕ್ರೀಡಾಕೂಟದಲ್ಲಿ ಪುರುಷರ ಅತಿಭಾರದ ಅಂತಿಮ ಪಂದ್ಯದಲ್ಲಿ ಸೌದಿ ಅರೇಬಿಯದ ಆಟಗಾರನ ಒದೆತಕ್ಕೆ ಇರಾನಿನವನು ಎಚ್ಚರ ತಪ್ಪಿ ಬಿದ್ದ. ಮಿತಿಮೀರಿ ಹೊಡೆದನೆಂದು ಒದ್ದವನನ್ನು ಅನರ್ಹಗೊಳಿಸಿ, ಬಿದ್ದವನಿಗೆ ಚಿನ್ನದ ಪದಕ ಕೊಟ್ಟರು. ಮೇಷ್ಟರು ಇದ್ದಿದ್ದರೆ ನಗುತ್ತಿದ್ದರೋ ಎದ್ದುಹೋಗುತ್ತಿದ್ದರೋ ಕಾಣೆ.

ಮೂವತ್ತರ ದಶಕದ ಕೊನೆಯಲ್ಲಿ ಶಿಷ್ಯರು ಹಣ ಕೂಡಿಸಿ ಅವರಿಗೆಂದು ಟೋಕಿಯೋದಲ್ಲಿ ಒಂದು ಶಾಲೆ ಕಟ್ಟಿಸಿದರು. ಪದ್ಯ ಬರೆಯುವಾಗ ಅವರು ಇಟ್ಟುಕೊಂಡಿದ್ದ ಕಾವ್ಯನಾಮ ಶೋತೊ. ಊರ ಬಳಿಯ ಬೆಟ್ಟದ ಪೈನ್ ಮರಗಳಲ್ಲಿ ಗಾಳಿ ಬೀಸಿದಾಗ ಏಳುವ ಅಲೆಯ ಸದ್ದು ಎಂದು ಅದರ ಭಾವ. ಶಾಲೆಗೆ ಶೋತೊಕಾನ್ ಎಂದು ಹೆಸರಾಯಿತು. ಆದರೆ ಆಗ ಕಾಲ ಕೆಟ್ಟಿತ್ತು. ಜಪಾನು ೧೯೩೧ರಲ್ಲಿ ಮಂಚೂರಿಯದ ಮೇಲೆ, ೧೯೩೭ರಲ್ಲಿ ಚೀನಾದ ಮೇಲೆ, ೧೯೪೧ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ತಾನಾಗಿ ಕೈಮಾಡಿತು. ಮೊದಲ ಕೈ ಬೇಡವೆಂದು ಕಲಿತ ತರುಣರು ಒಬ್ಬೊಬ್ಬರಾಗಿ ಬಂದು ಗುರುಗಳಿಗೆ ತಲೆಬಾಗಿ ಆ ಯುದ್ಧಕ್ಕೆ ಹೊರಟರು. ಗುರುಗಳು ಬೀಳ್ಕೊಟ್ಟರು. ಅನೇಕರು ಮರಳಲಿಲ್ಲ. ಒಬ್ಬೊಬ್ಬ ಮನುಷ್ಯನಿಗೆ ಹೇಳಿದ ಪಾಠವನ್ನು ದೇಶಕ್ಕೆ ಹೇಳುವವರು ಯಾರು? ಅವರ ಜೀವನದಲ್ಲಿ ಈ ಪ್ರಶ್ನೆಗೆ ನಾನು ಉತ್ತರ ಹುಡುಕಿದೆ, ಇಲ್ಲವೆಂದೇ ಹೇಳಬೇಕು. ೧೯೪೫ರಲ್ಲಿ ವಿಮಾನದಾಳಿಗೆ ಶೋತೊಕಾನ್ ಸುಟ್ಟು ಬೂದಿಯಾಯಿತು. ತಂದೆಯ ಬಲಗೈಯಾಗಿದ್ದ ಮಗ ಗಿಗೊ ಅದೇ ವರ್ಷ ಕ್ಷಯರೋಗದಿಂದ ತೀರಿಕೊಂಡರು. ಶುರಿ ಕೋಟೆ ಓಕಿನಾವಾ ಕದನದಲ್ಲಿ ನೆಲಸಮವಾಯಿತು.

ಪಿತೃಗಳ ಸಮಾಧಿಯನ್ನು ಬಿಟ್ಟು ಬರಲೊಲ್ಲೆನೆಂದು ಇಷ್ಟು ವರ್ಷ ಓಕಿನಾವಾದಲ್ಲೇ ಇದ್ದ ಪತ್ನಿ ಯುದ್ಧದಲ್ಲಿ ಎಲ್ಲ ಕಳೆದುಕೊಂಡು ಕ್ಯೂಶೂ ದ್ವೀಪದ ಓಯಿತಾಕ್ಕೆ ಬಂದರು. ಮುದುಕರು ಅಲ್ಲಿಗೆ ಹೋಗಿ ಜೊತೆಗೂಡಿದರು. ಎರಡು ವರ್ಷವೂ ತುಂಬಿತೋ ಇಲ್ಲವೋ, ೧೯೪೭ರಲ್ಲಿ ಆಕೆ ತೀರಿಕೊಂಡರು. ಅಸ್ಥಿಯನ್ನು ಹಿಡಿದು ರೈಲಿನಲ್ಲಿ ಟೋಕಿಯೋಗೆ ಮರಳುವಾಗ ದಾರಿಯ ನಿಲ್ದಾಣಗಳಲ್ಲಿ ಹಳೆಯ ಶಿಷ್ಯರು ಬಂದು ನಿಂತು ತಲೆಬಾಗಿದರು.

ಎಂಬತ್ತರ ಆಸುಪಾಸಿನಲ್ಲಿ ಒಂದು ರಾತ್ರಿ ಕವಿಗೋಷ್ಠಿ ಮುಗಿಸಿಕೊಂಡು, ಕೈಯಲ್ಲೊಂದು ಕೊಡೆ ಹಿಡಿದು ಒಬ್ಬರೇ ಬರುತ್ತಿದ್ದರು. ಕತ್ತಲಲ್ಲಿ ಒಬ್ಬ ಅಡ್ಡಗಟ್ಟಿ ಹಣ ಕೇಳಿದ. ಹಣವಿಲ್ಲವೆಂದಾಗ ಕೊಡೆಯನ್ನು ಕಿತ್ತುಕೊಂಡು ಅದರಿಂದಲೇ ಬೀಸಿದ. ಮುದುಕರು ಬಾಗಿ ತಪ್ಪಿಸಿಕೊಂಡು, ಕೈಚಾಚಿ ಅವನ ವೃಷಣಗಳನ್ನು ಬಿಗಿಯಾಗಿ ಹಿಡಿದುಬಿಟ್ಟರು. ಅವನಿಗೆ ಉಸಿರಾಡಲೂ ಆಗಲಿಲ್ಲ. ಅಷ್ಟರಲ್ಲಿ ಗಸ್ತಿನ ಪೋಲೀಸಿನವನು ಬಂದ, ಅವನಿಗೆ ಒಪ್ಪಿಸಿದರು. ಕಳ್ಳ ಯುದ್ಧದಿಂದ ಮರಳಿದ ಸಿಪಾಯಿ, ಕೆಲಸವಿಲ್ಲದವನು.

ಕೊಡೆ ಬೀಸಿದವನು ಆತ. ಲೋಕದ ಯಾವ ನ್ಯಾಯಾಲಯವೂ ಮುದುಕರನ್ನು ತಪ್ಪಿತಸ್ಥರೆನ್ನುತ್ತಿರಲಿಲ್ಲ, ನಾನಂತೂ ಎನ್ನಲಾರೆ. ಅವರು ಮಾತ್ರ ನಾಚಿದರು. ಆ ಕ್ಷಣದಲ್ಲಿ ತಮಗೆ ಸಿಟ್ಟು ಬಂದಿತ್ತು, ತಪ್ಪಿಸಿಕೊಂಡ ಮೇಲೆ ತಾವೇ ಆಕ್ರಮಣಕ್ಕೆ ಕೈಯಿಟ್ಟೆವು, ಶಿಷ್ಯರಿಗೆ ಮಾಡಬೇಡಿರೆಂದು ಹೇಳಿದುದನ್ನೇ ಮಾಡಿದೆವು ಎಂದು ಅವರ ಮನಸ್ಸು ಕುಟುಕಿತು. ಕಡುಬಿನ ಗಂಟನ್ನು ಕೊಟ್ಟುಬಂದ ಯುವಕ ಅವರಿಗೆ ನೆನಪಾಗಿರಬೇಕು. ಪೋಲೀಸಿನವನ ಹೊರತು ಯಾರೂ ನೋಡದಿದ್ದ ಈ ಸಂಗತಿಯನ್ನು ಅವರು ಬಚ್ಚಿಡಲಿಲ್ಲ. ೧೯೫೬ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ತಮ್ಮ ಕೈಯಿಂದಲೇ ಬರೆದರು.

ಮರುವರ್ಷ, ೧೯೫೭ರ ಏಪ್ರಿಲ್ ೨೬ರಂದು, ಎಂಬತ್ತೆಂಟನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಜಪಾನ್ ಕರಾಟೆ ಸಂಘದವರ ಪ್ರಥಮ ಅಖಿಲ ಜಪಾನ್ ಪಂದ್ಯಾವಳಿ ಅದೇ ವರ್ಷ ನಡೆಯಿತು. ೧೯೬೮ರ ಡಿಸೆಂಬರಿನಲ್ಲಿ, ಅವರು ಹುಟ್ಟಿ ನೂರು ವರ್ಷ ತುಂಬಿದಾಗ, ಕಾಮಾಕುರಾದ ಎಂಗಾಕುಜಿ ದೇವಾಲಯದ ಆವರಣದಲ್ಲಿ ಶಿಷ್ಯರು ಒಂದು ಕಲ್ಲು ನೆಡಿಸಿದರು. ಅವರ ಇಪ್ಪತ್ತು ಸೂತ್ರಗಳಲ್ಲಿ ಆ ಕಲ್ಲಿನ ಮೇಲೆ ಕೆತ್ತಿಸಿದುದು ಎರಡನೆಯದನ್ನು.